ಏನೂ ಇಲ್ಲ ಅಂದರೆ ಏನೇನಿಲ್ಲ?

ಮಳೆಗಾಲ ಶುರುವಾಯಿತೆಂದರೆ ಈ ಅಂಕಣಕ್ಕೆ ಒಂದೇ ದೂರು ಬೇರೆ ಬೇರೆ ಊರುಗಳಿಂದ ಬರತೊಡಗುತ್ತದೆ. ಮದುವೆಗೆ ಹೋಗುವಾಗ ಕಾರು ಸರಿಯಿತ್ತು. ಊಟ ಮುಗಿಸಿ ಬಂದು ಕೀ ತಿರುಗಿಸಿದರೆ ಏನೂ ಇಲ್ಲ. ಹಾರ್ನ್ ಇಲ್ಲ, ಲೈಟ್ ಇಲ್ಲ, ಮೀಟರ್ ಬೋರ್ಡು ಕಪ್ಪು. ಸುತ್ತ ನೆರೆದವರು ತಲೆಗೊಂದು ಸಲಹೆ ಕೊಟ್ಟರು, ಯಾರೋ ಬ್ಯಾಟರಿ ಅಂಗಡಿಗೆ ಫೋನ್ ಹಚ್ಚಿದರು, ಹೊಸ ಬ್ಯಾಟರಿ ಬಂತು, ಗಾಡಿ ಹೊರಟಿತು. ಕೆಲವು ದಿನಕ್ಕೆ ಮತ್ತೆ ಅದೇ ಕಥೆ. ‘ಅಂಗಡಿಯವನು ಹಳೇ ಮಾಲು ಕಟ್ಟಿದನಾ ಸರ್?’ ಎಂದು ಕೇಳುತ್ತಾರೆ. ಅಂಗಡಿಯವನ ಪರ ವಕಾಲತ್ತು ವಹಿಸುವುದು ನನ್ನ ಕೆಲಸವಲ್ಲವಾದರೂ, ಬಹಳಷ್ಟು ಸಲ ಅವನ ತಪ್ಪಿರುವುದಿಲ್ಲ. ಹಳೆಯ ಬ್ಯಾಟರಿಯದೂ ತಪ್ಪಿರುವುದಿಲ್ಲ.

ಇಂಥ ಪತ್ರಕ್ಕೆ ನನ್ನ ಮೊದಲ ಮರುಪ್ರಶ್ನೆ: ಏನೂ ಇಲ್ಲ ಅಂದರೆ ಏನೇನಿಲ್ಲ? ಕೇಳಿದವರಿಗೆ ಕಿರಿಕಿರಿಯಾಗುತ್ತದೆ, ಆದರೆ ಅರ್ಧ ಉತ್ತರ ಇಲ್ಲೇ ಸಿಕ್ಕಿಬಿಡುತ್ತದೆ. ಕೀ ತಿರುಗಿಸಿದಾಗ ಟಿಕ್ ಟಿಕ್ ಟಿಕ್ ಎಂದು ಸದ್ದು ಬಂದು ಲೈಟು ಮಂಕಾದರೆ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ. ಒಳಗಿನ ಲೈಟು, ಹಾರ್ನ್ ಎಲ್ಲ ಜೋರಾಗಿದ್ದು ಸೆಲ್ಫ್ ಮಾತ್ರ ಹೊಡೆಯದಿದ್ದರೆ ಸೆಲ್ಫ್ ಮೋಟರು, ಅದರ ರಿಲೇ, ಕ್ಲಚ್ಚಿನ ಸ್ವಿಚ್ಚು, ಇಲ್ಲವೇ ಆಟೊಮ್ಯಾಟಿಕ್ ಗಾಡಿಯಾದರೆ ಗೇರು ‘ಪಿ’ಯಲ್ಲಿ ಕೂತಿಲ್ಲದಿರುವುದು ಕಾರಣ. ಬಟನ್ ಒತ್ತುವ ಕಾರಿನಲ್ಲಿ ಕೀ ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ರಿಮೋಟಿನೊಳಗಿನ ಪುಟ್ಟ ಸೆಲ್ ಮುಗಿದಿದೆ. ರಿಮೋಟನ್ನೇ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿದರೆ ಎಷ್ಟೋ ಮಾದರಿಗಳು ಶುರುವಾಗುತ್ತವೆ. ಇವು ಮೂರೂ ನನ್ನ ಇವತ್ತಿನ ವಿಷಯವಲ್ಲ. ಬಾಗಿಲು ತೆಗೆದರೆ ಒಳಗಿನ ಲೈಟೂ ಹತ್ತದೆ, ಸೆಂಟ್ರಲ್ ಲಾಕಿಗೂ ಉಸಿರಿಲ್ಲದೆ, ಅರ್ಧ ಗಂಟೆ ಮುಂಚೆ ಚೆನ್ನಾಗಿ ಓಡಿದ ಕಾರು ಬರೀ ತಗಡಿನ ಡಬ್ಬವಾಗುವುದಿದೆಯಲ್ಲ, ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ಒಮ್ಮೆಗೇ ಎಲ್ಲವೂ ಹೋದರೆ ಬ್ಯಾಟರಿಯ ಮೇಲೆ ಕೊನೆಗೆ ಅನುಮಾನಪಡಿ. ಬ್ಯಾಟರಿಯಿಂದ ಹೊರಟು ಬ್ಯಾಟರಿಗೆ ಮರಳುವ ದಾರಿಯನ್ನು ಮೊದಲು ನೋಡಿ. ಕಾರಣ ಇಷ್ಟೆ. ಸೀಸ–ಆಮ್ಲದ ಬ್ಯಾಟರಿ, 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಮಾಡಿದಾಗಿನಿಂದ ಇವತ್ತಿನವರೆಗೂ, ಹೇಳಿ ಕೇಳಿ ಸಾಯುವ ವಸ್ತು. ಒಳಗೆ ಆರು ಸೆಲ್‌ಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ತುಂಬಿದಾಗ 12.6, ಅರ್ಧವಾದಾಗ 12.2ರ ಆಸುಪಾಸು, 11.9ಕ್ಕೆ ಇಳಿದರೆ ಖಾಲಿ. ಈ ಇಳಿತ ಬೆಳಗ್ಗೆ ಸೆಲ್ಫ್ ಹೊಡೆಯುವಾಗಲೇ ಗೊತ್ತಾಗುತ್ತದೆ. ಎಂಜಿನ್ ಒಲ್ಲದ ಮನಸ್ಸಿನಿಂದ ತಿರುಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಹಳದಿಗೆ ತಿರುಗುತ್ತದೆ, ಗಡಿಯಾರ ಹನ್ನೆರಡಕ್ಕೆ ಬಂದು ನಿಂತಿರುತ್ತದೆ. ನಮ್ಮ ಸೆಕೆಗೆ, ಬಾನೆಟ್ಟಿನೊಳಗಿನ ಕಾವಿಗೆ ಮೂರರಿಂದ ಐದು ವರ್ಷದಲ್ಲಿ ಬ್ಯಾಟರಿ ಸೋಲುವುದು ಸಹಜ. ಸೋಲುವ ಮುಂಚೆ ಅದು ವಾರಗಟ್ಟಲೆ ಸೂಚನೆ ಕೊಡುತ್ತದೆ, ನಾವು ಕೇಳಿಸಿಕೊಳ್ಳುವುದಿಲ್ಲ ಅಷ್ಟೆ. ಹಾಗಾದರೆ ಹೊಸ ಬ್ಯಾಟರಿ ಹಾಕಿದ ತಕ್ಷಣ ಗಾಡಿ ಹೊರಟಿದ್ದೇಕೆ? ಬ್ಯಾಟರಿ ಬದಲಿಸಬೇಕೆಂದರೆ ಎರಡೂ ಟರ್ಮಿನಲ್‌ಗಳನ್ನು ಕಳಚಿ, ಒಂದಿಷ್ಟು ಉಜ್ಜಿ, ಮತ್ತೆ ಬಿಗಿ ಮಾಡಲೇಬೇಕು. ಗುಣವಾದದ್ದು ಬಿಗಿ ಮಾಡಿದ್ದರಿಂದ. ದುಡ್ಡು ಕೊಟ್ಟದ್ದು ಬ್ಯಾಟರಿಗೆ.

ಅರಸೀಕೆರೆಯಲ್ಲಿ ನನಗೆ ಪರಿಚಯದ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಇದ್ದಾರೆ. ಅವರ ಕೈಯಲ್ಲಿ ನಾನು ಮೀಟರ್ ಕಂಡದ್ದು ಕಡಿಮೆ. ಹಳೆಯ ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು, ತುದಿಗೆ ಮೊಸಳೆ ಕ್ಲಿಪ್ ಹಾಕಿಕೊಂಡಿದ್ದಾರೆ, ಅದೇ ಅವರ ಟೆಸ್ಟ್ ಲ್ಯಾಂಪ್. ಒಂದು ಸಲ ನಾನಿದ್ದಾಗಲೇ ಒಂದು ಚಿಕ್ಕ ಕಾರನ್ನು ಎಳೆದುಕೊಂಡು ಬಂದರು. ಬ್ಯಾಟರಿ ಹೊಸದು, ಮೇಲಿನ ಸ್ಟಿಕ್ಕರ್ ಇನ್ನೂ ಹೊಳೆಯುತ್ತಿತ್ತು. ಓನರ್ ಮುಖ ಮಾತ್ರ ಬಾಡಿತ್ತು. ‘ಅಣ್ಣಾ, ಮೀಟರ್ ಇಟ್ಟು ನೋಡಿದ್ರು, ಹನ್ನೆರಡೂವರೆ ತೋರಿಸ್ತದೆ, ಆದ್ರೂ ಏನೂ ಹತ್ತಲ್ಲ’ ಎಂದರು. ಎಲೆಕ್ಟ್ರಿಷಿಯನ್ ಬಲ್ಬಿನ ಎರಡು ಕ್ಲಿಪ್ಪುಗಳನ್ನು ಬ್ಯಾಟರಿಯ ಎರಡು ಸೀಸದ ಕಂಬಗಳಿಗೇ ಕಚ್ಚಿಸಿದರು. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು. ಪಾಸಿಟಿವ್ ಕಡೆಯ ಕ್ಲಿಪ್ಪನ್ನು ಕಂಬದಿಂದ ತೆಗೆದು, ಅದೇ ಕಂಬವನ್ನು ತಬ್ಬಿದ್ದ ಟರ್ಮಿನಲ್ ಕ್ಲ್ಯಾಂಪಿಗೆ ಕಚ್ಚಿಸಿದರು. ಉರಿಯುತ್ತಲೇ ಇತ್ತು. ಇನ್ನೊಂದು ಕ್ಲಿಪ್ಪನ್ನು ನೆಗೆಟಿವ್ ಕಂಬದಿಂದ ನೆಗೆಟಿವ್ ಕ್ಲ್ಯಾಂಪಿಗೆ ಸರಿಸಿದ್ದೇ ತಡ, ಬಲ್ಬು ಆರಿತು. ಅರ್ಧ ಇಂಚೂ ಇಲ್ಲ ಆ ದೂರ. ‘ನೋಡಿ ಸರ್, ಕರೆಂಟು ಇಲ್ಲೇ ನಿಂತಿದೆ’ ಎಂದವರೇ ಹತ್ತು ನಂಬರ್ ಸ್ಪ್ಯಾನರಿಗೆ ಕೈ ಹಾಕಿದರು.

ಕ್ಲ್ಯಾಂಪನ್ನು ಕಳಚಿದಾಗ ಒಳಗಿಂದ ತಂಪುಪಾನೀಯದ ಡಬ್ಬಿ ಕತ್ತರಿಸಿದ ತಗಡಿನ ಪಟ್ಟಿಯೊಂದು ಬಿತ್ತು. ಕ್ಲ್ಯಾಂಪಿನ ಎರಡು ಕಿವಿಗಳು ಒಂದಕ್ಕೊಂದು ತಾಗುವಷ್ಟು ಬೋಲ್ಟ್ ಬಿಗಿಯಾಗಿತ್ತು, ಆದರೂ ಕಂಬದ ಮೇಲೆ ಕೈಯಲ್ಲೇ ಗರಗರ ತಿರುಗುತ್ತಿತ್ತು. ಇಲ್ಲಿ ಅಂಗಡಿಯವನಿಗೆ ಸಣ್ಣ ಪಾಲಿದೆ. ನಮ್ಮ ಸಣ್ಣ ಕಾರುಗಳಿಗೆ ಹಾಕುವ ಜಪಾನಿ ಅಳತೆಯ ಬ್ಯಾಟರಿಗಳಲ್ಲಿ ಒಂದೇ ಗಾತ್ರದ ಪೆಟ್ಟಿಗೆಗೆ ಎರಡು ಬಗೆಯ ಕಂಬಗಳು ಬರುತ್ತವೆ. ಸಣ್ಣ ಕಂಬದ ಪಾಸಿಟಿವ್ ಬುಡದಲ್ಲಿ 14.7 ಮಿಲಿಮೀಟರ್ ದಪ್ಪ, ದೊಡ್ಡದು 19.5 ಮಿಲಿಮೀಟರ್. ಬ್ಯಾಟರಿಯ ಮೇಲೆ 38ಬಿ20ಎಲ್ ಎಂದು ಬರೆದಿದ್ದರೆ ಸಣ್ಣ ಕಂಬ. ಕೊನೆಯಲ್ಲಿ ಒಂದು ‘ಎಸ್’ ಸೇರಿ 38ಬಿ20ಎಲ್‌ಎಸ್ ಆದರೆ ದಪ್ಪ ಕಂಬ. ದಪ್ಪ ಕಂಬದ ಕ್ಲ್ಯಾಂಪಿರುವ ಕಾರಿಗೆ ಸಣ್ಣ ಕಂಬದ ಬ್ಯಾಟರಿ ತಂದರೆ ನಡುವೆ ಸೀಸದ ತೋಳು ಹಾಕಬೇಕು. ಅದಿಲ್ಲದಾಗ ತಗಡು ತುರುಕುತ್ತಾರೆ, ವೈರ್ ಸುತ್ತುತ್ತಾರೆ, ಸುತ್ತಿಗೆಯಿಂದ ಕುಟ್ಟುತ್ತಾರೆ. ಅವತ್ತಿಗೆ ಗಾಡಿ ಹೊರಡುತ್ತದೆ. ಅಲ್ಲಾಡಿ ಅಲ್ಲಾಡಿ, ನೀರು ಆಮ್ಲದ ಆವಿ ಸೇರಿ, ಒಳಮೈಯಲ್ಲಿ ಕಂದುಗಪ್ಪು ಪೊರೆ ಕಟ್ಟಿದ ದಿನ ನಿಲ್ಲುತ್ತದೆ. ಹೊರಗೆ ಬೆಳೆಯುವ ಬಿಳಿ, ನೀಲಿ–ಹಸಿರು ಪುಡಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಲಸ ಕೆಡಿಸುವ ಈ ಒಳಪೊರೆ ಕ್ಲ್ಯಾಂಪ್ ಕಳಚದೆ ಕಾಣುವುದಿಲ್ಲ. ಬ್ಯಾಟರಿ ಕೊಳ್ಳುವಾಗ ವಾರಂಟಿ ಎಷ್ಟು ತಿಂಗಳು ಎಂದು ಕೇಳುವ ನಾವು ಕಂಬದ ದಪ್ಪ ಸರಿಯಿದೆಯೇ ಎಂದು ಕೇಳುವುದೇ ಇಲ್ಲ.

ಮೀಟರ್ ಹನ್ನೆರಡೂವರೆ ತೋರಿಸಿದ್ದೇಕೆ ಎಂಬ ಪ್ರಶ್ನೆ ಉಳಿಯಿತು. ಮೊದಲನೆಯದಾಗಿ ಆ ಪುಣ್ಯಾತ್ಮ ಮೀಟರಿನ ಕಡ್ಡಿಗಳನ್ನು ಸೀಸದ ಕಂಬಕ್ಕೇ ಇಟ್ಟಿದ್ದ, ಹಾಗಾಗಿ ಅಳೆದದ್ದು ಬ್ಯಾಟರಿಯನ್ನು ಮಾತ್ರ. ಕ್ಲ್ಯಾಂಪಿಗೆ ಇಟ್ಟಿದ್ದರೂ ಮೋಸ ಹೋಗುವ ಸಾಧ್ಯತೆಯಿತ್ತು. ಮೀಟರು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಸೆಲ್ಫ್ ಮೋಟರು ಸಣ್ಣ ಪೆಟ್ರೋಲ್ ಕಾರಿನಲ್ಲೂ ನೂರು–ನೂರೈವತ್ತು ಆಂಪಿಯರ್ ಕೇಳುತ್ತದೆ. ಒಂದೆಳೆ ದಾರದಲ್ಲಿ ಖಾಲಿ ಕೊಡ ತೂಗುತ್ತದೆ, ತುಂಬಿದ ಕೊಡ ಎತ್ತಿದರೆ ಹರಿಯುತ್ತದೆ. ಲೆಕ್ಕ ಬೇಕೆನ್ನುವವರಿಗೆ: ಕ್ಲ್ಯಾಂಪಿನಲ್ಲಿ ಒಂದು ಓಮಿನ ಇಪ್ಪತ್ತನೇ ಒಂದು ಭಾಗದಷ್ಟು ತಡೆಯಿದ್ದರೂ ನೂರೈವತ್ತು ಆಂಪಿಯರ್ ಹರಿಯಲು ಹೊರಟಾಗ ಏಳೂವರೆ ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಉಳಿದ ಐದು ವೋಲ್ಟಿನಲ್ಲಿ ಏನು ನಡೆದೀತು? ಅದೇ ತಡೆಯ ಮೂಲಕ ಒಳಗಿನ ಐದು ವ್ಯಾಟಿನ ಬಲ್ಬು ಮಾತ್ರ ಏನೂ ಆಗದವರಂತೆ ಉರಿಯುತ್ತದೆ. ಆದ್ದರಿಂದಲೇ ಇಂಥ ಗಾಡಿಗಳ ನಡವಳಿಕೆ ವಿಚಿತ್ರ. ಲೈಟು ಇರುತ್ತದೆ, ಕೀ ತಿರುಗಿಸಿದೊಡನೆ ‘ಟಕ್’ ಎಂದು ಒಂದೇ ಸದ್ದು, ಆಮೇಲೆ ಎಲ್ಲವೂ ಮಾಯ. ಹತ್ತು ನಿಮಿಷ ಬಿಟ್ಟರೆ, ಅಥವಾ ಬಾನೆಟ್ಟನ್ನು ಧಡಾರನೆ ಮುಚ್ಚಿದರೆ, ತಾನಾಗಿಯೇ ಜೀವ ಬರುತ್ತದೆ. ಹೋಗಿ ಬರುವ ಚಾಳಿ ಸಂದಿಗಳದ್ದು, ಬ್ಯಾಟರಿಯದ್ದಲ್ಲ. ನಿಮ್ಮ ಪತ್ರದಲ್ಲಿ ‘ಆಮೇಲೆ ತಾನೇ ಸರಿಹೋಯ್ತು’ ಎಂಬ ಸಾಲಿದ್ದರೆ ನನಗೆ ಮುಂದಿನದನ್ನು ಓದುವ ಅಗತ್ಯವೇ ಬೀಳುವುದಿಲ್ಲ.

ಬಲ್ಬಿಲ್ಲದವರು ಮಾಡಬಹುದಾದದ್ದು ಸುಲಭ. ಕೀ ಆಫ್ ಮಾಡಿ, ಒಳಗಿನ ಲೈಟಿನ ಸ್ವಿಚ್ ಹಾಕಿ, ಬಾನೆಟ್ ತೆಗೆದು ಎರಡೂ ಕ್ಲ್ಯಾಂಪುಗಳನ್ನು ಒಂದೊಂದಾಗಿ ಕೈಯಿಂದ ತಿರುಚಿ. ತಿರುಗಿದರೆ, ಲೈಟು ಮಿಣುಕಿದರೆ ಕಳ್ಳ ಸಿಕ್ಕಿದ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಕಾರಿನ ಇಡೀ ಮೈ ನೆಗೆಟಿವ್. ನೆಗೆಟಿವ್ ಜೋಡಣೆಯಲ್ಲಿರುವಾಗ ಪಾಸಿಟಿವ್ ಬಿಚ್ಚುತ್ತಿರುವ ಸ್ಪ್ಯಾನರ್ ಬಾಡಿಗೆ ತಾಗಿತೋ, ಸ್ಪ್ಯಾನರ್ ಅಲ್ಲೇ ಬೆಸುಗೆ ಹತ್ತೀತು. ಚಾರ್ಜ್ ಆಗುವಾಗ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಕಿಡಿ ಬೇಡವೇ ಬೇಡ. ಬಿಳಿ ಪುಡಿಗೆ ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾ ಸಾಕು, ಕೈಗೆ ಕಣ್ಣಿಗೆ ತಾಗದಂತೆ. ಒಳಮೈಗೆ ಉಪ್ಪುಕಾಗದ, ಬಿಗಿ ಮಾಡಿದ ಮೇಲೆ ಹೊರಗೆ ತೆಳುವಾಗಿ ವ್ಯಾಸಲೀನ್.

ಬ್ಯಾಟರಿಯ ಬಳಿ ಎಲ್ಲ ಸರಿಯಿದ್ದರೂ ನೆಗೆಟಿವ್ ವೈರಿನ ಇನ್ನೊಂದು ತುದಿಯನ್ನು ಜನ ಮರೆಯುತ್ತಾರೆ. ಅದು ಬಾಡಿಗೆ ಒಂದು ಕಡೆ, ಎಂಜಿನ್ನಿಗೋ ಗೇರ್ ಬಾಕ್ಸಿಗೋ ಇನ್ನೊಂದು ಕಡೆ ಬೋಲ್ಟ್ ಆಗಿರುತ್ತದೆ. ಇದು ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅರ್ಥಿಂಗ್. ಕರಾವಳಿಯ ಉಪ್ಪುಗಾಳಿಗೆ, ಮಲೆನಾಡಿನ ಆರು ತಿಂಗಳ ತೇವಕ್ಕೆ ಮೊದಲು ತುಕ್ಕು ಹಿಡಿಯುವ ಜಾಗ ಇದೇ. ಹಳೆಯ ಕಾರುಗಳಲ್ಲಿ ಎಂಜಿನ್ ಅರ್ಥಿಂಗ್ ಕಡಿದುಹೋದಾಗ ಸೆಲ್ಫ್ ಮೋಟರಿನ ಅಷ್ಟೂ ಕರೆಂಟು ಬೇರೆ ದಾರಿ ಸಿಗದೆ ಆಕ್ಸಿಲರೇಟರ್ ಕೇಬಲ್ಲನ್ನೋ ಕ್ಲಚ್ ಕೇಬಲ್ಲನ್ನೋ ಹಿಡಿದು ವಾಪಸಾಗುತ್ತದೆ. ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ ಬಿಸಿಯಾಗಿದ್ದರೆ ಕ್ಲಚ್ ಕೆಲಸ ಮಾಡಿಸಲು ಹೋಗಬೇಡಿ. ಒಂದು ಅರ್ಥಿಂಗ್ ಪಟ್ಟಿ ಹಾಕಿಸಿ. ಪರೀಕ್ಷೆಗೆ ಜಂಪರ್ ಕೇಬಲ್ ಸಾಕು. ಬ್ಯಾಟರಿಯ ನೆಗೆಟಿವ್ ಕಂಬದಿಂದ ಎಂಜಿನ್ನಿನ ಬರಿ ಲೋಹಕ್ಕೆ ನೇರ ಕೊಟ್ಟಾಗ ಗಾಡಿಗೆ ಜೀವ ಬಂದರೆ ವಿಷಯ ಮುಗಿಯಿತು.

ಮೂರನೆಯ ಜಾಗ ಪಾಸಿಟಿವ್ ಕಡೆಯ ಮೇನ್ ಫ್ಯೂಸ್. ಡ್ಯಾಶ್‌ಬೋರ್ಡಿನ ಕೆಳಗಿನ ಬಣ್ಣಬಣ್ಣದ ಸಣ್ಣ ಫ್ಯೂಸುಗಳು ಒಂದೊಂದು ಸಾಮಾನಿಗೆ ಮಾತ್ರ. ಅವು ಹೋದರೆ ಹಾರ್ನೋ ವೈಪರೋ ನಿಲ್ಲುತ್ತದೆ, ಇಡೀ ಕಾರಲ್ಲ. ಮೇನ್ ಫ್ಯೂಸ್ ಬ್ಯಾಟರಿಗೆ ಅಂಟಿದಂತೆಯೋ ಬಾನೆಟ್ಟಿನೊಳಗಿನ ಪೆಟ್ಟಿಗೆಯಲ್ಲೋ ಬೋಲ್ಟಿನಿಂದ ಕೂತಿರುತ್ತದೆ, ಎಷ್ಟೋ ಕಾರುಗಳಲ್ಲಿ ಎಂಬತ್ತು–ನೂರು ಆಂಪಿಯರಿನದು. ಅದು ಸುಮ್ಮನೆ ಹೋಗುವುದು ಅಪರೂಪ. ಜಂಪ್ ಸ್ಟಾರ್ಟ್ ಮಾಡುವ ಗಡಿಬಿಡಿಯಲ್ಲಿ ಕೆಂಪು ಕಪ್ಪು ಅದಲುಬದಲಾದರೆ ಮಾತ್ರ ಪಟ್ಟನೆ ಹೋಗುತ್ತದೆ, ಹೋಗಿ ಉಳಿದದ್ದನ್ನು ಕಾಪಾಡುತ್ತದೆ. ಅದರ ಜಾಗಕ್ಕೆ ತಾಮ್ರದ ವೈರ್ ಕಟ್ಟಿ ‘ಊರು ಮುಟ್ಟಿಸ್ತದೆ ಬಿಡಿ’ ಎನ್ನುವವರಿದ್ದಾರೆ. ಊರು ಮುಟ್ಟುವ ಮುಂಚೆ ಹೊಗೆ ಬಂದ ಗಾಡಿಗಳನ್ನು ನೋಡಿದ್ದೇನೆ. ಈ ಒಂದು ಜುಗಾಡಿಗೆ ಮಾತ್ರ ದಯವಿಟ್ಟು ಒಪ್ಪಬೇಡಿ. ಆಮೇಲೆ ಹಾಕಿಸಿದ ಜೋರು ಹಾರ್ನು, ಫಾಗ್ ಲೈಟು, ಡ್ಯಾಶ್ ಕ್ಯಾಮೆರಾಗಳ ವೈರುಗಳು ಫ್ಯೂಸಿಲ್ಲದೆ ನೇರ ಬ್ಯಾಟರಿಯಿಂದ ಹೊರಟಿವೆಯೇ ಎಂದೂ ನೋಡಿಕೊಳ್ಳಿ. ಇಲಿ ಹೆಗ್ಗಣಗಳು ಕಡಿದ ವೈರು ಬೇರೆಯೇ ಅಧ್ಯಾಯ, ಇನ್ನೊಂದು ವಾರ ಬರೆಯುತ್ತೇನೆ.

ನಿಂತ ಗಾಡಿ ಬೇಜಾರು ತರಿಸುತ್ತದೆ. ಓಡುವಾಗ ಎಲ್ಲವೂ ಹೋದರೆ ಎದೆ ಝಲ್ಲೆನ್ನುತ್ತದೆ. ಆಲ್ಟರ್ನೇಟರ್, ಅಂದರೆ ನಮ್ಮವರು ಈಗಲೂ ಡೈನಮೋ ಎನ್ನುವುದು, ಕೆಟ್ಟಾಗ ಹೀಗಾಗುವುದಿಲ್ಲ. ಕೆಂಪು ಬ್ಯಾಟರಿ ಚಿಹ್ನೆ ಹತ್ತುತ್ತದೆ, ಬ್ಯಾಟರಿಯಲ್ಲಿದ್ದಷ್ಟು ದೂರ ಗಾಡಿ ಓಡುತ್ತದೆ, ಒಂದೊಂದಾಗಿ ಎಲ್ಲ ಮಂಕಾಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.7 ವೋಲ್ಟ್ ಇದ್ದರೆ ಆಲ್ಟರ್ನೇಟರಿನ ಮೇಲೆ ಅನುಮಾನ ಬೇಡ. ಓಡುತ್ತಿದ್ದಂತೆಯೇ ಒಂದೇ ಏಟಿಗೆ ಕತ್ತಲಾದರೆ ಅರ್ಥಿಂಗ್, ಮೇನ್ ಫ್ಯೂಸ್, ಅದರ ಜೊತೆಗೆ ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ಚು, ಇವನ್ನು ನೋಡಬೇಕು. ಸ್ವಿಚ್ಚಿನ ವಿಷಯ ಸಣ್ಣದೆಂದು ಭಾವಿಸಬೇಡಿ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಕಂಪನಿ 2014ರಲ್ಲಿ ಶೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಯಿತು. ಅವುಗಳ ಇಗ್ನಿಷನ್ ಸ್ವಿಚ್ಚಿನೊಳಗಿನ ಸ್ಪ್ರಿಂಗ್ ಹಿಡಿತ ಸಾಲದೆ, ಕುಲುಕಾಟಕ್ಕೆ ಅಥವಾ ಕೀ ಗೊಂಚಲಿನ ಭಾರಕ್ಕೆ ಓಡುವಾಗಲೇ ಕೀ ಹಿಂದಕ್ಕೆ ಜಾರುತ್ತಿತ್ತು. ಎಂಜಿನ್ ನಿಲ್ಲುತ್ತಿತ್ತು, ಪವರ್ ಸ್ಟೀರಿಂಗ್ ಹೋಗುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗ್ ಬಿಚ್ಚುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ಒಪ್ಪಿಕೊಂಡಿತು. ರಿಪೇರಿಯಾಗುವ ತನಕ ಗೊಂಚಲಿನಿಂದ ಉಳಿದೆಲ್ಲವನ್ನೂ ತೆಗೆದು ಬರೀ ಕೀ ಬಳಸಿ ಎಂಬುದೇ ಕಂಪನಿ ಕೊಟ್ಟ ಸಲಹೆಯಾಗಿತ್ತು. ಮನೆ ಬೀಗ, ಗೋಡೌನ್ ಬೀಗ, ಸ್ಕೂಟರ್ ಕೀ, ಹಿತ್ತಾಳೆಯ ಗಣಪತಿ ಎಲ್ಲವನ್ನೂ ಕಾರಿನ ಕೀಗೆ ನೇತುಹಾಕುವ ನಮ್ಮವರಿಗೂ ಈ ಸಲಹೆ ಸಲ್ಲುತ್ತದೆ. ಬಟನ್ ಕಾರಿನವರಿಗೆ ಈ ಚಿಂತೆಯಿಲ್ಲ.

ಹಾಗೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಳಿಯುವಾಗ ಕತ್ತಲಾದರೆ ಮೊದಲು ಮಾಡಬಾರದ ಕೆಲಸ ಕೀ ಹೊರಗೆಳೆಯುವುದು. ಸ್ಟೀರಿಂಗ್ ಲಾಕ್ ಆದೀತು. ಸ್ಟೀರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಬ್ರೇಕಿನ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ನಿರ್ವಾತ ಉಳಿದಿರುತ್ತದೆ; ಪಂಪ್ ಹೊಡೆದು ಕಳೆದುಕೊಳ್ಳದೆ ಒಂದೇ ಸಮನೆ ಗಟ್ಟಿಯಾಗಿ ಒತ್ತಿ. ಮ್ಯಾನ್ಯುಯಲ್ ಗಾಡಿಯಾದರೆ ಗೇರಿನಲ್ಲೇ ಇರಲಿ. ಚಕ್ರ ಎಂಜಿನ್ನನ್ನು ತಿರುಗಿಸುತ್ತಿರುವ ತನಕ ಬೂಸ್ಟರಿಗೆ ನಿರ್ವಾತವೂ ಸಿಗುತ್ತದೆ, ವೇಗಕ್ಕೆ ತಡೆಯೂ ಇರುತ್ತದೆ. ಹಜಾರ್ಡ್ ಲೈಟು ಹತ್ತುವುದಿಲ್ಲವಾದ್ದರಿಂದ ಕೆಂಪು ತ್ರಿಕೋನವನ್ನು ತಿರುವಿಗಿಂತ ಮೊದಲೇ ಇಡಬೇಕು. ಅದೂ ಇಲ್ಲದಿದ್ದರೆ ಸೊಪ್ಪಿನ ಕೊಂಬೆ, ನಮ್ಮ ಲಾರಿಯವರ ಹಳೆಯ ಪದ್ಧತಿ. ಕಿಟಕಿಯ ಗಾಜು ಇಳಿಯದಿದ್ದರೂ ಮುಂದಿನ ಬಾಗಿಲಿನ ಒಳಗಿನ ಹಿಡಿ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಹೊರಗೆ ಸಿಕ್ಕಿಕೊಂಡವರು ರಿಮೋಟಿನ ಹೊಟ್ಟೆಯೊಳಗಿನ ಲೋಹದ ಕೀ ಹುಡುಕಿ. ಅದನ್ನು ಒಮ್ಮೆಯೂ ಹೊರತೆಗೆದು ನೋಡದವರು ಇವತ್ತೇ ತೆಗೆದು ನೋಡಿ. ತಳ್ಳಿ ಸ್ಟಾರ್ಟ್ ಮಾಡುವ ಆಸೆ ಬಿಡುವುದು ಒಳ್ಳೆಯದು. ಹ್ಯಾಂಡಲ್ ಹಾಕಿ ತಿರುಗಿಸಿದ ಅಂಬಾಸಿಡರ್ ಕಾಲ ಹೋಯಿತು. ಈಗಿನ ಗಾಡಿಗೆ ಪೆಟ್ರೋಲ್ ಪಂಪು, ಇಂಜೆಕ್ಟರು, ಕಂಪ್ಯೂಟರು ಎಲ್ಲಕ್ಕೂ ಕರೆಂಟು ಬೇಕು, ಇಷ್ಟೂ ಇಲ್ಲದಾಗ ತಳ್ಳಿದವರಿಗೆ ಬೆವರು ಮಾತ್ರ.

ಹಾಗಾದರೆ ಬ್ಯಾಟರಿ ಒಮ್ಮೆಗೇ ಸಾಯುವುದೇ ಇಲ್ಲವೇ? ಸಾಯುತ್ತದೆ. ಒಳಗೆ ಸೆಲ್ಲಿನಿಂದ ಸೆಲ್ಲಿಗೆ ಜೋಡಿಸುವ ಸೀಸದ ಕೊಂಡಿ ಬಿರುಕುಬಿಟ್ಟರೆ ಹೊರಗಿನ ಸಡಿಲ ಟರ್ಮಿನಲ್ಲಿನ ಆಟವನ್ನೇ ಒಳಗೆ ಆಡುತ್ತದೆ. ಒಂದು ಸೆಲ್ ಶಾರ್ಟ್ ಆದರೆ ಮೀಟರು ಸುಮಾರು 10.5ಕ್ಕೆ ಬಂದು ನಿಲ್ಲುತ್ತದೆ, ಎಷ್ಟು ಚಾರ್ಜ್ ಮಾಡಿದರೂ ಮೇಲೇರುವುದಿಲ್ಲ. ಕಂಬಗಳ ಮೇಲೇ ಟೆಸ್ಟ್ ಲ್ಯಾಂಪ್ ಮಂಕಾದರೆ, ಪೆಟ್ಟಿಗೆ ಉಬ್ಬಿದ್ದರೆ ಆಗ ದುಡ್ಡು ಬಿಚ್ಚಿ. ಮೇಲಿನ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ, ಅದು ಆರು ಸೆಲ್ಲುಗಳಲ್ಲಿ ಒಂದರ ಕ್ಷೇಮಸಮಾಚಾರ ಮಾತ್ರ ಹೇಳುತ್ತದೆ. ಎಂಜಿನ್ ಓಡುವಾಗ ಟರ್ಮಿನಲ್ ಕಳಚಿ ‘ಡೈನಮೋ ಸರಿಯಿದೆಯಾ ನೋಡೋಣ’ ಎನ್ನುವ ಹಳೆಯ ಮೆಕ್ಯಾನಿಕ್ ಸಿಕ್ಕರೆ ಅವರ ಕೈ ಹಿಡಿದು ತಡೆಯಿರಿ. ಬ್ಯಾಟರಿ ಸರ್ಕ್ಯೂಟಿನಿಂದ ಹೊರಬಿದ್ದ ಕ್ಷಣ ವೋಲ್ಟೇಜ್ ಜಿಗಿದು ಕಾರಿನ ಕಂಪ್ಯೂಟರನ್ನೇ ಸುಟ್ಟೀತು.

ಎಲೆಕ್ಟ್ರಿಕ್ ಕಾರು ಕೊಂಡವರೂ ಈಗೀಗ ಇದೇ ಪತ್ರ ಬರೆಯುತ್ತಾರೆ. ಅಡಿಯಲ್ಲಿ 300ಕ್ಕೂ ಹೆಚ್ಚು ವೋಲ್ಟಿನ ದೊಡ್ಡ ಬ್ಯಾಟರಿ ತುಂಬಿ ಕೂತಿದೆ, ಆದರೂ ಕಾರು ಏಳುವುದಿಲ್ಲ. ಆ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚು ಎಳೆಯಲು, ಲಾಕು ತೆಗೆಯಲು, ಪರದೆ ಹತ್ತಲು ಬೇಕಾದ್ದು ಅದೇ ಸಣ್ಣ 12 ವೋಲ್ಟಿನ ಬ್ಯಾಟರಿ. ಅದರ ಟರ್ಮಿನಲ್ ಸಡಿಲವಾದರೆ ಲಕ್ಷಗಟ್ಟಲೆಯ ಕಾರಿಗೂ ಚಿಕ್ಕ ಕಾರಿನ ಗತಿಯೇ. ಆ ಸಣ್ಣ ಬ್ಯಾಟರಿಯನ್ನು ನೋಡಬಹುದು. ಕಿತ್ತಳೆ ಬಣ್ಣದ ಕೇಬಲ್ಲುಗಳ ತಂಟೆಗೆ ಮಾತ್ರ ಹೋಗಬೇಡಿ.

ಟರ್ಮಿನಲ್ ಬಿಚ್ಚಿ ಹಾಕಿದ ಮೇಲೆ ಗಡಿಯಾರ ತಪ್ಪಿರುತ್ತದೆ, ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರದೆ ನಡುವೆ ನಿಲ್ಲುತ್ತದೆ, ಎಂಜಿನ್ ಒಂದಷ್ಟು ಕಿಲೋಮೀಟರ್ ತುಸು ಏರುಪೇರಾಗಿ ಓಡೀತು. ಅವು ಹೊಸ ರೋಗಗಳಲ್ಲ. ಬಹಳಷ್ಟು ಮಾದರಿಗಳಲ್ಲಿ ಗಾಜನ್ನು ಪೂರ್ತಿ ಮೇಲೇರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡು ಹಿಡಿದರೆ ಅದಕ್ಕೆ ಮತ್ತೆ ನೆನಪು ಬರುತ್ತದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಈ ವಿಧಾನವೂ, ಮೇನ್ ಫ್ಯೂಸ್ ಕೂತಿರುವ ಜಾಗದ ಚಿತ್ರವೂ ಇರುತ್ತದೆ. ಪುಸ್ತಕ ಬೀರುವಿನಲ್ಲಿದ್ದರೆ ತಂದು ಕಾರಿನ ಡಬ್ಬದಲ್ಲಿಡಿ, ಜೊತೆಗೆ ಒಂದು ಹತ್ತು ನಂಬರ್ ಸ್ಪ್ಯಾನರನ್ನೂ.